ಒಬ್ಬಳ ಅನುಭವ, ಓಣಿಯ ತೀರ್ಮಾನ

ಧಾರವಾಡ ಜಿಲ್ಲೆಯ ಶಲವಡಿಯಂಥ ಎರೆಸೀಮೆಯ ಊರಿನಲ್ಲಿ ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಬಂದ ಹೆಣ್ಣುಮಗಳಿಗೆ ಮುಂದಿನ ಕೂಸಿನ ವಿಷಯದಲ್ಲಿ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಸರ್ಕಾರಿ ದವಾಖಾನೆಯ ಸಿಸ್ಟರ್ ಇದ್ದಾರೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಇದ್ದಾರೆ, ಗೋಡೆಯ ಮೇಲೆ ಇಲಾಖೆಯ ಚಿತ್ರಪಟ ಇದೆ. ಆದರೂ ಕಡೆಗೆ ತೂಕ ಬೀಳುವುದು ನೆಗೆಣ್ಣಿಯ ಮಾತಿಗೆ, ಹತ್ತಿ ಬಿಡಿಸಲು ಜೊತೆಗೆ ಹೋಗುವ ಓಣಿಯವಳ ಮಾತಿಗೆ. “ವಂಕಿ ಹಾಕಿಸ್ಕೊಂಡ ಮ್ಯಾಲೆ ಅಕಿಗೆ ಮೂರು ತಿಂಗಳು ನಿಲ್ಲಲಾರದಂಗ ಹೋತವಾ, ಕಡೀಕ ತಗಸಿದ್ಲು” ಎಂಬ ಒಂದು ಮಾತು ಸಾಕು, ಆ ಓಣಿಯಲ್ಲಿ ಕೆಲವು ವರ್ಷ ಯಾರೂ ವಂಕಿಯ, ಅಂದರೆ ಕಾಪರ್-ಟಿಯ, ಹೆಸರೆತ್ತುವುದಿಲ್ಲ. “ಗುಳಿಗಿ ಉಷ್ಣ ಆಕ್ಕಾವು”, “ಇಂಜೆಕ್ಷನ್ ತಗೊಂಡ್ರ ಮುಟ್ಟಽ ನಿಂತ ಬಿಡತೈತಿ”, “ಆಪರೇಶನ್ ಆದ ಮ್ಯಾಲೆ ಟೊಂಕಾ ಹಿಡೀತೈತಿ, ಆದ್ರ ಎಲ್ಲಾರೂ ಮಾಡಿಸ್ಕೊಂಡಾರಲ್ಲ” ಎಂಬ ಮಾತುಗಳೂ ಹೀಗೇ ಬಾಯಿಂದ ಬಾಯಿಗೆ ಸಾಗುತ್ತವೆ.

ಇಂಥ ಮಾತನ್ನು ಗಾಳಿಸುದ್ದಿ, ತಪ್ಪುಕಲ್ಪನೆ ಎಂದು ಒಂದೇ ಏಟಿಗೆ ತಳ್ಳಿಹಾಕುವ ರೂಢಿ ಆರೋಗ್ಯ ಶಿಕ್ಷಣದ ಭಾಷಣಗಳಲ್ಲಿ ಬೇರೂರಿದೆ. ನನಗೆ ಅದು ಒಪ್ಪಿಗೆಯಿಲ್ಲ. ತಾನು ಕಣ್ಣಾರೆ ಕಂಡ, ತಿರುಗಿ ಹೋಗಿ ಪ್ರಶ್ನೆ ಕೇಳಬಹುದಾದ ಒಬ್ಬ ಹೆಂಗಸಿನ ಅನುಭವವನ್ನು ನಂಬುವುದರಲ್ಲಿ ಅವಿವೇಕವೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಆ ಹೆಣ್ಣುಮಗಳ ಕಿವಿಗೆ ಬೀಳುವ ಅನುಭವಗಳು ಎಷ್ಟು ಬಗೆಯವು, ಯಾರ ಅನುಭವ ಮಾತಾಗುತ್ತದೆ, ಯಾರದು ಮೌನವಾಗಿ ಉಳಿಯುತ್ತದೆ ಎಂಬುದರಲ್ಲಿ. ಯಾವ ವಿಧಾನವನ್ನು ಸರ್ಕಾರ ಊರಿಗೆ ತಂದು ಮುಟ್ಟಿಸಿತೋ ಅದರ ಕಥೆಗಳಷ್ಟೇ ಊರಿನಲ್ಲಿ ಹುಟ್ಟುತ್ತವೆ. ಬೇರೆ ವಿಧಾನಗಳ ಕಥೆ ಹೇಳಲು ಮಂದಿಯೇ ಇರುವುದಿಲ್ಲ.

ಅಂಕಿಅಂಶ ಇದನ್ನು ನಿಚ್ಚಳವಾಗಿ ತೋರಿಸುತ್ತದೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 68 ಮಂದಿ ಆಧುನಿಕ ವಿಧಾನವೊಂದನ್ನು ಬಳಸುತ್ತಿದ್ದರು. ಅವರಲ್ಲಿ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಈ ಪ್ರಮಾಣ ನೂರಕ್ಕೆ 38ರಷ್ಟು. ಕಾಪರ್-ಟಿ, ಗುಳಿಗೆ, ಇಂಜೆಕ್ಷನ್, ನಿರೋಧ್ ಎಲ್ಲ ಕೂಡಿಸಿದರೂ ಕರ್ನಾಟಕದಲ್ಲಿ ಹತ್ತು-ಹನ್ನೊಂದು ದಾಟುತ್ತಿರಲಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಸೊನ್ನೆಯ ಹತ್ತಿರ ನಿಂತಿತ್ತು. ರಾಜ್ಯದ ಒಟ್ಟು ಫಲವತ್ತತೆ ದರ ಆ ಹೊತ್ತಿಗೇ 1.7ಕ್ಕೆ ಇಳಿದಿತ್ತು ಎಂದರೆ ಮಕ್ಕಳ ಸಂಖ್ಯೆಯ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿದಿದೆ. ಬಗೆಹರಿಯದೆ ಉಳಿದಿರುವುದು ಆಯ್ಕೆಯ ಪ್ರಶ್ನೆ.

ನೂರು ಮಂದಿ ವಿವಾಹಿತ ಹೆಂಗಸರಿರುವ ಒಂದು ಓಣಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಆಪರೇಶನ್ ಆದವರು ಅಲ್ಲಿ ಐವತ್ತಕ್ಕೂ ಹೆಚ್ಚು. ಅವರಲ್ಲಿ ಐದಾರು ಮಂದಿ ಟೊಂಕನೋವು, ಹೊಟ್ಟೆನೋವು ಎಂದರೂ ಸುತ್ತಲೂ ನಲವತ್ತೈದು ಮಂದಿ ಗೆಯ್ಮೆ ಮಾಡುತ್ತ ಓಡಾಡುತ್ತಿರುತ್ತಾರೆ. ಹೀಗಾಗಿ ಆ ದೂರು ಆಪರೇಶನ್ನಿನ ಹೆಸರು ಕೆಡಿಸುವುದಿಲ್ಲ. ವಂಕಿ ಹಾಕಿಸಿಕೊಂಡವರು ಇರುವುದೇ ಇಬ್ಬರೋ ಮೂವರೋ. ಅವರಲ್ಲಿ ಒಬ್ಬಳಿಗೆ ರಕ್ತಸ್ರಾವ ಹೆಚ್ಚಾಯಿತೆಂದರೆ ಓಣಿಯ ಮಟ್ಟಿಗೆ ವಂಕಿಯ ಅನುಭವದಲ್ಲಿ ಮೂರನೆಯ ಒಂದು ಭಾಗ ಕೆಟ್ಟಂತೆ. ಉಳಿದಿಬ್ಬರು ಸುಖವಾಗಿದ್ದರೂ ಸುಮ್ಮನಿರುತ್ತಾರೆ, ಏಕೆಂದರೆ ತೊಂದರೆ ಕೊಡದ ವಸ್ತುವಿನ ಬಗ್ಗೆ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುವುದೇನಿದೆ? ಇನ್ನೊಂದು ಸೂಕ್ಷ್ಮವೂ ಇದೆ. ವಂಕಿ ಒಗ್ಗದಿದ್ದರೆ ತೆಗೆಸಬಹುದು. ತೆಗೆಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಅದು ಸೋಲಾಗಿ ಲೆಕ್ಕಕ್ಕೆ ಸೇರುತ್ತದೆ. ಆಪರೇಶನ್ ಒಗ್ಗದವಳು ಏನು ಮಾಡಬೇಕು? ಅವಳು ಆಪರೇಶನ್ ಆದವರ ಪಟ್ಟಿಯಲ್ಲೇ ಉಳಿಯುತ್ತಾಳೆ. ಬಿಡಲು ಬರುವ ವಿಧಾನದ ಹೆಸರು ಕೆಡುತ್ತದೆ, ಬಿಡಲು ಬಾರದ್ದರ ಹೆಸರು ಉಳಿಯುತ್ತದೆ.

ಊರಿಗೆ ಊರೇ ಒಂದು ವಿಧಾನಕ್ಕೆ ಕಟ್ಟುಬೀಳುವುದು ನಮ್ಮ ಸೀಮೆಯೊಂದರ ಸಂಗತಿಯಲ್ಲ. ದಕ್ಷಿಣ ಕೊರಿಯಾದ ಹಳ್ಳಿಗಳ ಅಧ್ಯಯನವನ್ನು ಆಧರಿಸಿ ಎವೆರೆಟ್ ರೋಜರ್ಸ್ ಮತ್ತು ಲಾರೆನ್ಸ್ ಕಿಂಕೈಡ್ 1981ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡಂತೆ, ಸರ್ಕಾರ ಎಲ್ಲ ಹಳ್ಳಿಗಳಿಗೂ ಒಂದೇ ಬಗೆಯ ಸೌಲಭ್ಯ ಕೊಟ್ಟಿದ್ದರೂ ಒಂದು ಹಳ್ಳಿ ಗುಳಿಗೆಯ ಹಳ್ಳಿಯಾಗಿತ್ತು, ಪಕ್ಕದ್ದು ವಂಕಿಯ ಹಳ್ಳಿಯಾಗಿತ್ತು. ಮೊದಲು ಬಳಸಿದ ಕೆಲವು ಹೆಂಗಸರು ಯಾವುದನ್ನು ಹಿಡಿದರೋ ಅವರ ಗೆಳತಿಯರು ಅದನ್ನೇ ಹಿಡಿದಿದ್ದರು. ಥಾಯ್ಲೆಂಡಿನ ಈಶಾನ್ಯ ಭಾಗದ ನಾಂಗ್ ರಾಂಗ್ ಜಿಲ್ಲೆಯಲ್ಲಿ ಬಾರ್ಬರಾ ಎಂಟ್‌ವಿಸಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಂಡದ್ದೂ ಇದನ್ನೇ. ಅದಕ್ಕೂ ಮೊದಲು, 1963ರಲ್ಲಿ, ತೈವಾನಿನ ತೈಚುಂಗ್ ನಗರದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಆರೋಗ್ಯ ಕಾರ್ಯಕರ್ತೆಯರು ಕೆಲವು ಕೇರಿಗಳಲ್ಲಿ ಮಾತ್ರ ಮನೆಮನೆಗೆ ಹೋದರು. ಸುದ್ದಿ ಹಬ್ಬಿ, ಅವರು ಕಾಲಿಡದ ಮನೆಗಳಿಂದಲೂ, ನಗರದ ಹೊರಗಿನಿಂದಲೂ ಹೆಂಗಸರು ಕ್ಲಿನಿಕ್ಕಿಗೆ ಬಂದರು.

ಓದು ಬಂದರೆ ಇದೆಲ್ಲ ಮಾಯವಾಗುತ್ತದೆ ಎನ್ನುವವರೂ ಇದ್ದಾರೆ. ಆದರೆ ಅಮೆರಿಕದ ಷಿಕಾಗೋ ನಗರದಲ್ಲಿ ಆಗಷ್ಟೇ ಹೆತ್ತ ಯುವತಿಯರನ್ನು ಲಿನ್ ಯೀ ಮತ್ತು ಮೆಲಿಸಾ ಸೈಮನ್ ಎಂಬ ವೈದ್ಯೆಯರು ಮಾತಾಡಿಸಿ 2010ರಲ್ಲಿ ವರದಿ ಬರೆದರು. ಆ ತಾಯಂದಿರೂ ಆಯ್ಕೆ ಮಾಡುವಾಗ ಗೆಳತಿಯರ, ಅಕ್ಕಂದಿರ, ತಾಯಿಯ ಅನುಭವಕ್ಕೆ ದೊಡ್ಡ ಬೆಲೆ ಕೊಟ್ಟಿದ್ದರು.

ಇನ್ನು ಆ ಅನುಭವಗಳ ಹುರುಳಿಗೆ ಬರೋಣ. ನನಗೆ ಮುಖ್ಯವೆನಿಸುವುದು ಇದೇ ಭಾಗ. ಊರ ಹೆಂಗಸರು ಹೇಳುವುದರಲ್ಲಿ ಬಹುಪಾಲು ನಿಜ. ಕಾರಣ ಕಟ್ಟುವಲ್ಲಿ ಮಾತ್ರ ಅದು ಅಲ್ಲಲ್ಲಿ ದಾರಿ ತಪ್ಪುತ್ತದೆ. ತಾಮ್ರದ ವಂಕಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚುವುದು, ಕಿಬ್ಬೊಟ್ಟೆ ಹಿಂಡುವುದು ವೈದ್ಯರ ಪುಸ್ತಕದಲ್ಲೇ ಇರುವ ಸಂಗತಿ. ಬಹಳ ಮಂದಿಗೆ ಅದು ತಾನಾಗಿ ತಗ್ಗುತ್ತದೆ. ಆದರೆ ಕರ್ನಾಟಕದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಬೆಳಗಾದರೆ ಮೆಣಸಿನಕಾಯಿ ಹೊಲಕ್ಕೆ ಹೋಗಿ ಬಗ್ಗಿ ದುಡಿಯಬೇಕಾದ, ಮೊದಲೇ ರಕ್ತ ಕಡಿಮೆ ಇರುವ ಹೆಣ್ಣುಮಗಳಿಗೆ “ಸ್ವಲ್ಪ ಜಾಸ್ತಿ ಹೋಗ್ತದ, ಏನೂ ಆಗಂಗಿಲ್ಲ” ಎಂಬ ಸಮಾಧಾನ ಸಾಲದು. ಅವಳಿಗೆ ಅದು ದಿನಗೂಲಿಯ ಪ್ರಶ್ನೆ, ನೀರು ಕಡಿಮೆ ಇರುವ ಮನೆಯಲ್ಲಿ ಬಟ್ಟೆ ಒಗೆಯುವ ಪ್ರಶ್ನೆ, ದೇವರ ಮನೆಯಿಂದ ದೂರ ಉಳಿಯಬೇಕಾದ ದಿನಗಳ ಪ್ರಶ್ನೆ. ವಂಕಿ ಎದೆಗೆ ಏರಿ ಹೋಗುತ್ತದೆ ಎಂಬ ಹೆದರಿಕೆ ನಿಜವಲ್ಲ. ಗರ್ಭಕೋಶದ ಗೋಡೆಗೆ ಚುಚ್ಚಿಕೊಳ್ಳುವುದು ಸಾವಿರಕ್ಕೆ ಒಂದರಷ್ಟು ಅಪರೂಪ. ತಾನಾಗಿ ಜಾರಿಬೀಳುವುದು ಅಷ್ಟು ಅಪರೂಪವಲ್ಲ, ಅದರಲ್ಲೂ ಹೆರಿಗೆಯಾದ ಕೂಡಲೇ ಹಾಕಿದ್ದರೆ. ಹಾಗೆ ಜಾರಿದ್ದು ಗೊತ್ತಾಗದೆ ಗರ್ಭ ನಿಂತರೆ “ವಂಕಿ ಇದ್ರೂ ಬಸರಾದ್ಲು” ಎಂಬ ಸುದ್ದಿ ಹುಟ್ಟುವುದು ಸಹಜ.

2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡತೊಡಗಿದ ‘ಅಂತರಾ’ ಇಂಜೆಕ್ಷನ್ನಿನದೂ ಇದೇ ಕಥೆ. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳಬೇಕು. ಮೊದಲು ಮುಟ್ಟು ಏರುಪೇರಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಅನೇಕರಿಗೆ ನಿಂತೇ ಬಿಡುತ್ತದೆ. ವೈದ್ಯಕೀಯವಾಗಿ ಇದರಿಂದ ಅಪಾಯವಿಲ್ಲ, ರಕ್ತಹೀನತೆ ಇರುವವಳಿಗೆ ಉಪಕಾರವೇ ಹೆಚ್ಚು. ಆದರೆ ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂದು ತಾಯಿ, ಅಜ್ಜಿಯರಿಂದ ಕೇಳಿ ಬೆಳೆದವಳಿಗೆ, ಅಥವಾ ಮುಟ್ಟು ತಪ್ಪಿದರೆ ಬಸಿರೇ ಎಂದು ಎಣಿಸುವ ಅತ್ತೆಯ ಮನೆಯಲ್ಲಿ ಇರುವವಳಿಗೆ, ಮೊದಲೇ ಹೇಳದೆ ಇದ್ದಕ್ಕಿದ್ದಂತೆ ಮುಟ್ಟು ನಿಂತರೆ ಆಗುವ ಗಾಬರಿಯನ್ನು ಅಲ್ಲಗಳೆಯಲಾಗದು. ಇಂಜೆಕ್ಷನ್ ಬಿಟ್ಟ ಮೇಲೆ ಗರ್ಭ ನಿಲ್ಲಲು ಏಳೆಂಟು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ; ಅದನ್ನೂ ಮೊದಲೇ ಹೇಳಿರಬೇಕು. ಇಲ್ಲವಾದರೆ “ಇಂಜೆಕ್ಷನ್ ತಗೊಂಡು ಬಂಜೆ ಆದ್ಲು” ಎಂಬ ಮಾತು ಹುಟ್ಟಿ, ಅದು ಊರು ಬಿಟ್ಟು ಹೋಗುವುದೇ ಇಲ್ಲ.

ಗುಳಿಗೆಯ ವಿಷಯದಲ್ಲಿ ನನಗೆ ಸಂಕಟವಾಗುತ್ತದೆ. ಸರ್ಕಾರ ಹಂಚುವ ಮಾಲಾ-ಎನ್ ಪೊಟ್ಟಣದ 28 ಗುಳಿಗೆಗಳಲ್ಲಿ ಏಳು ಕಬ್ಬಿಣಾಂಶದವು. ಉಳಿದವು ಮುಟ್ಟಿನ ಸ್ರಾವವನ್ನೇ ತಗ್ಗಿಸುತ್ತವೆ. ರಕ್ತ ಕಡಿಮೆ ಇರುವ ನಮ್ಮ ಹೆಂಗಸರಲ್ಲಿ ಬಹಳ ಮಂದಿಗೆ ಒಗ್ಗಬಹುದಾದ ಇದನ್ನು ‘ಉಷ್ಣ’ದ ಹೆಸರಿನಲ್ಲಿ ದೂರ ಇಟ್ಟಿದ್ದೇವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಹಾರ್ಮೋನಿಲ್ಲದ ‘ಛಾಯಾ’ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಆಮೇಲೆ ವಾರಕ್ಕೊಮ್ಮೆ ನುಂಗಿದರೆ ಸಾಕು. ಅದನ್ನು ನುಂಗಿದವರ ಒಳ್ಳೆಯ ಸುದ್ದಿಯಾಗಲಿ ಕೆಟ್ಟ ಸುದ್ದಿಯಾಗಲಿ ನಮ್ಮ ಹಳ್ಳಿಗಳಲ್ಲಿ ಕಿವಿಗೆ ಬೀಳುವುದೇ ಅಪರೂಪ.

ಆಪರೇಶನ್ನಿನ ಟೊಂಕನೋವಿಗೆ ಬಂದರೆ, ಗರ್ಭನಾಳ ಕಟ್ಟಿದ್ದರಿಂದ ಟೊಂಕ ಹಿಡಿಯುತ್ತದೆ ಎನ್ನಲು ಆಧಾರವಿಲ್ಲ. ಆದರೆ ನೋವು ಸುಳ್ಳಲ್ಲ. ಇಪ್ಪತ್ತೈದರ ಆಸುಪಾಸಿನಲ್ಲೇ ಎರಡು ಹೆರಿಗೆ, ಅದರಲ್ಲೊಂದು ಸಿಜೇರಿಯನ್, ಜೊತೆಗೇ ಆಪರೇಶನ್, ಮೈ ಸುಧಾರಿಸುವ ಮೊದಲೇ ಕೊಡ, ಬುಟ್ಟಿ, ಕುರ್ಚಿಗಿ. ಇಷ್ಟೆಲ್ಲದರ ನಡುವೆ ದಿನಾಂಕ ನೆನಪಿರುವ ಘಟನೆ ಆಪರೇಶನ್ ಒಂದೇ. ನೋವಿನ ಲೆಕ್ಕ ಅದರ ಹೆಸರಿಗೆ ಜಮೆಯಾಗುತ್ತದೆ. ಆಪರೇಶನ್ ಕೈಕೊಟ್ಟು ಗರ್ಭ ನಿಲ್ಲುವುದು ಮೊದಲ ವರ್ಷದಲ್ಲಿ ಸಾವಿರಕ್ಕೆ ಐದರಷ್ಟು. ಆ ಐವರನ್ನು ಸುತ್ತಲಿನವರು ಶಂಕೆಯ ಕಣ್ಣಿನಿಂದ ನೋಡದಂತೆ ಈ ಸಂಖ್ಯೆಯನ್ನು ಮೊದಲೇ ಗಂಡ, ಅತ್ತೆಯರ ಎದುರಿಗೆ ಹೇಳುವುದು ವೈದ್ಯರ ಕರ್ತವ್ಯ.

ಊರಿನ ಕಥೆಗಳಿಗೆ ಒಂದು ಇತಿಹಾಸವೂ ಇದೆ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲೇ ಅಂಥ ಹೆಜ್ಜೆ ಇಟ್ಟ ಮೊದಲ ಸರ್ಕಾರಗಳಲ್ಲಿ ಅದೂ ಒಂದು. 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ, 1893ರಲ್ಲಿ. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ರಾಮನಗರದ ಹಳ್ಳಿಗಳಲ್ಲಿ ಬಣ್ಣದ ಮಣಿಸರ ಕೊಟ್ಟು ‘ಸುರಕ್ಷಿತ ದಿನ’ ಎಣಿಸಲು ಕಲಿಸಲಾಯಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಹಳ್ಳಿಯ ನೆನಪಿನಲ್ಲಿ ಉಳಿದವು ಇವಲ್ಲ.

ಉಳಿದದ್ದು 1965ರ ಲೂಪು. ಪ್ಲಾಸ್ಟಿಕ್ಕಿನ ಆ ವಂಕಿಯನ್ನು ಗುರಿ ಗೊತ್ತುಪಡಿಸಿ ದೇಶವಿಡೀ ಹಾಕಿದರು. 1966-67ರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಹಾಕಿದ್ದು, ಎರಡೇ ವರ್ಷದಲ್ಲಿ ಐದು ಲಕ್ಷದ ಕೆಳಗೆ ಇಳಿಯಿತು. ಹಾಕಲು ತೋರಿದ ಉತ್ಸಾಹ ಆಮೇಲೆ ಬಂದ ರಕ್ತಸ್ರಾವವನ್ನು ನೋಡಿಕೊಳ್ಳುವಲ್ಲಿ ಇರಲಿಲ್ಲ. ಇಂದು ಶಲವಡಿಯ ಸೊಸೆ ಕೇಳುವ ವಂಕಿಯ ಹೆದರಿಕೆ ಅವಳ ಅತ್ತೆಯ ಅತ್ತೆಯ ಕಾಲದ್ದಾಗಿರಬಹುದು. ಪ್ಲಾಸ್ಟಿಕ್ ಹೋಗಿ ತಾಮ್ರ ಬಂದಿದೆ, ಹೆಸರು ವಂಕಿಯೇ. ಆಮೇಲೆ ತುರ್ತುಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷದಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ 62 ಲಕ್ಷ ಗಂಡಸರವು. ಮರುವರ್ಷ ಗಂಡಸರ ಸಂಖ್ಯೆ ಎರಡು ಲಕ್ಷ ಮುಟ್ಟಲಿಲ್ಲ. ಬಲವಂತದ ಆ ಶಸ್ತ್ರಚಿಕಿತ್ಸೆಗಳ ನೆನಪು ವ್ಯಾಸೆಕ್ಟಮಿಯನ್ನು, ಅಂದರೆ ಗಂಡಸರ ಆಪರೇಶನ್ನನ್ನು, ಊರುಗಳಿಂದ ಓಡಿಸಿತು, ಭಾರವೆಲ್ಲ ಹೆಂಗಸರ ಹೊಟ್ಟೆಯ ಮೇಲೆ ಬಿತ್ತು. 1980ರ ಆಸುಪಾಸಿನಲ್ಲಿ ಬೆಂಗಳೂರಿನ ಪಶ್ಚಿಮದ ಹಳ್ಳಿಗಳಲ್ಲಿ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಅಧ್ಯಯನ ನಡೆಸಿದಾಗ ಜನರ ಮಟ್ಟಿಗೆ ಕುಟುಂಬ ಯೋಜನೆ ಎಂದರೆ ಆಪರೇಶನ್ನೇ ಆಗಿತ್ತು.

ಅಪನಂಬಿಕೆ ಹುಟ್ಟಿದ್ದು ಹೆಂಗಸರ ಅಜ್ಞಾನದಿಂದಲ್ಲ ಎನ್ನಲು ಇನ್ನೂ ಎರಡು ಸಾಕ್ಷಿ ಸಾಕು. 1985ರಲ್ಲಿ ಆಗಿನ ಆಂಧ್ರಪ್ರದೇಶದ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಇಂಜೆಕ್ಷನ್ ಕೊಡುವಾಗ ಅದು ಪ್ರಯೋಗ ಎಂಬುದನ್ನೇ ಹೆಂಗಸರಿಗೆ ಸರಿಯಾಗಿ ತಿಳಿಸಿರಲಿಲ್ಲ. ಸ್ತ್ರೀಶಕ್ತಿ ಸಂಘಟನಾ ಎಂಬ ಮಹಿಳಾ ಸಂಘ ಮರುವರ್ಷ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಲಾಯಿತು, ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಶಿಬಿರ ಪದ್ಧತಿಯನ್ನು ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇನ್ನು ಸುದ್ದಿ ಹರಿಯುವ ದಾರಿ. ಕೆನ್ಯಾದ ನ್ಯಾಂಜಾ ಸೀಮೆಯ ಬಗ್ಗೆ ಹ್ಯಾನ್ಸ್-ಪೀಟರ್ ಕೋಲರ್, ಜೆರ್ ಬೆಹ್ರ್‌ಮನ್ ಮತ್ತು ಸೂಸನ್ ವಾಟ್ಕಿನ್ಸ್ 2001ರಲ್ಲಿ ಬರೆದದ್ದು ನಮ್ಮ ಕಡೆಗೆ ಬಹಳ ಹೊಂದುತ್ತದೆ. ಎಲ್ಲರೂ ಎಲ್ಲರಿಗೂ ಪರಿಚಯವಿರುವ ಒತ್ತಾದ ಬಳಗದಲ್ಲಿ ಪರರ ಮಾತು ಒತ್ತಡವಾಗಿ ಕೆಲಸ ಮಾಡುತ್ತದೆ. ಸಂತೆ-ವ್ಯಾಪಾರ ಹೆಚ್ಚಿದ ಕಡೆ ಅದು ತಿಳುವಳಿಕೆಯಾಗಿ ಕೆಲಸ ಮಾಡುತ್ತದೆ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದ ಒಳಗೇ ಆಗುತ್ತದೆ. ಸೋದರತ್ತೆಯೇ ಅತ್ತೆಯಾದಾಗ, ಚಿಕ್ಕಮ್ಮನ ಮಗಳೇ ನೆಗೆಣ್ಣಿಯಾದಾಗ, ತವರಿನಲ್ಲಿ ಕೇಳಿದ ಕಥೆಯನ್ನೇ ಗಂಡನ ಮನೆಯಲ್ಲೂ ಕೇಳಬೇಕಾಗುತ್ತದೆ. ರೋಣ, ನರಗುಂದ, ಗದಗಿನ ಕಡೆಯಿಂದ ಹೊಸ ಸಂಬಂಧವಾಗಿ ಬಂದ ಸೊಸೆ ಬೇರೆ ಅನುಭವ ತರಬಹುದು, ಆದರೆ ಹೊಸಬಳ ಮಾತಿಗೆ ಬೆಲೆ ಬರಲು ವರ್ಷಗಳೇ ಬೇಕು. ಜಾತಿ, ಧರ್ಮದ ಗೋಡೆಯೂ ಇದೆ. ಬಾಂಗ್ಲಾದೇಶದ ಮತ್ಲಬಿನಲ್ಲಿ ಕೈವನ್ ಮುನ್ಶಿ ಮತ್ತು ಜ್ಯಾಕ್ ಮ್ಯೂ ನೋಡಿದಂತೆ, ಹೆಂಗಸರ ನಿರ್ಧಾರದ ಮೇಲೆ ಅದೇ ಹಳ್ಳಿಯ ತಮ್ಮ ಧರ್ಮದವರ ಬಳಕೆ ಪ್ರಭಾವ ಬೀರಿತ್ತು, ಇನ್ನೊಂದು ಧರ್ಮದವರದು ಬೀರಿರಲಿಲ್ಲ. ಆರೋಗ್ಯ ಕಾರ್ಯಕರ್ತೆಯ ಭೇಟಿ ಇಬ್ಬರಿಗೂ ಸಮನಾಗಿತ್ತು.

ಅತ್ತೆಯ ಪಾತ್ರವನ್ನು ಉತ್ತರಪ್ರದೇಶದ ಜೌನಪುರದಲ್ಲಿ ಎಸ್. ಅನುಕೃತಿ, ಕ್ಯಾಟಲಿನಾ ಹೆರೆರಾ-ಅಲ್ಮಾಂಜಾ ಮತ್ತು ಮಹೇಶ್ ಕರ್ರಾ ಸೂಕ್ಷ್ಮವಾಗಿ ಗುರುತಿಸಿದ್ದಾರೆ. ಅತ್ತೆಯೊಂದಿಗೆ ಇರುವ ಸೊಸೆಯರಿಗೆ ಮನೆಯ ಹೊರಗೆ ಆಪ್ತವಾಗಿ ಮಾತಾಡುವವರೇ ಕಡಿಮೆ. ಗೆಳತಿಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬರಲು ಇಬ್ಬರಿಗೂ ನೆರವು ಕೊಟ್ಟಾಗ, ಅತ್ತೆಯ ವಿರೋಧವಿದ್ದ ಸೊಸೆಯರಿಗೇ ಹೆಚ್ಚು ಉಪಯೋಗವಾಯಿತು. ನಮ್ಮಲ್ಲಿ ಹೆಣ್ಣುಮಕ್ಕಳ ಓಡಾಟ ಅಲ್ಲಿಗಿಂತ ಸಲೀಸು. ಹೊಲದ ಆಳಿನ ಗುಂಪು, ಸ್ವಸಹಾಯ ಸಂಘದ ವಾರದ ಸಭೆ, ಅಣ್ಣಿಗೇರಿಗೆ ಹೋಗುವ ಬಸ್ಸು, ಎಲ್ಲವೂ ಮಾತಿಗೆ ಎಡೆಯಾಗಿವೆ. ಅತ್ತೆಯೂ ಯಾವಾಗಲೂ ಅಡ್ಡಿಯಲ್ಲ. ತಾನು ಪಟ್ಟ ಪಾಡು ಸೊಸೆಗೆ ಬೇಡವೆಂದು “ಎರಡು ಸಾಕವಾ” ಎನ್ನುವ ಅತ್ತೆಯರು ಧಾರವಾಡ ಸೀಮೆಯಲ್ಲಿ ಬಹಳ. ಆದರೆ ಅವರು ಬಲ್ಲ ದಾರಿ ಒಂದೇ, ಆಪರೇಶನ್.

ಗಂಡಸರ ಕಡೆ ಕಥೆಯೇ ಇಲ್ಲ. ಮೂವರು ಗಂಡಸರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸಂತಾನ ನಿಯಂತ್ರಣ ಹೆಂಗಸರ ಕೆಲಸ ಎನ್ನುತ್ತಾರೆ ಎಂದು ಐದನೇ ಸಮೀಕ್ಷೆ ದಾಖಲಿಸಿದೆ. ಕತ್ತರಿ-ಹೊಲಿಗೆ ಇಲ್ಲದ ವ್ಯಾಸೆಕ್ಟಮಿ ಕೆಲವೇ ನಿಮಿಷಗಳದು, ಹೊಟ್ಟೆ ತೆರೆಯುವ ಮಾತಿಲ್ಲ, ಹೆಂಗಸರ ಆಪರೇಶನ್ನಿಗಿಂತ ತೊಡಕು ಕಡಿಮೆ. ಮಾಡಿಸಿದ ಮೇಲೆ ಮೂರು ತಿಂಗಳು ನಿರೋಧ್‌ನಂಥ ಬೇರೆ ವಿಧಾನ ಬೇಕು, ಅಷ್ಟೇ. “ಗಂಡಸ್ತನ ಹೋಗ್ತೈತಿ, ಭಾರ ಎತ್ತಾಕ ಬರಂಗಿಲ್ಲ” ಎಂಬ ಹೆದರಿಕೆಗೆ ಉತ್ತರ ಕೊಡಬೇಕಾದವನು ವೈದ್ಯನಲ್ಲ. ಮಾಡಿಸಿಕೊಂಡು ಮತ್ತೆ ಹೊಲಕ್ಕೆ ಹೋಗಿ ಮೂಟೆ ಹೊತ್ತ ಗಂಡಸು. ಅಂಥವನು ಊರಿನಲ್ಲಿ ಒಬ್ಬನಿದ್ದರೂ ಕಟ್ಟೆಯ ಮೇಲೆ ಬಾಯಿ ಬಿಡುವುದಿಲ್ಲ. ಈ ಮೌನ ಮುರಿಯದೆ ಸಮೀಕ್ಷೆಯ ಆ ಸೊನ್ನೆ ಅಲುಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಮಾಡುವುದೇನು? ಕಥೆಗೆ ಎದುರಾಗಿ ಭಾಷಣ ನಿಲ್ಲುವುದಿಲ್ಲ, ಇನ್ನೊಂದು ನಿಜವಾದ ಅನುಭವವೇ ಬೇಕು. ಬಳಸಿ ಸುಖವಾಗಿರುವವಳೂ ಬಳಸಿ ಬಿಟ್ಟವಳೂ ಒಂದೇ ಕಡೆ ಕೂತು ಮಾತಾಡಲು ಅಂಗನವಾಡಿಯೋ ಸ್ವಸಹಾಯ ಸಂಘವೋ ಜಾಗ ಕೊಡಬಹುದು. ಬಿಟ್ಟವಳನ್ನು ದೂರ ಇಟ್ಟರೆ ಸಭೆಯನ್ನು ಯಾರೂ ನಂಬುವುದಿಲ್ಲ. ಆಶಾ ಕಾರ್ಯಕರ್ತೆಯರಿಗೂ ತಮ್ಮ ಸ್ವಂತ ಅನುಭವವನ್ನು ಹೇಳಿಕೊಳ್ಳುವ ಸ್ವಾತಂತ್ರ್ಯ ಬೇಕು, ಜೊತೆಗೆ “ನನಗ ಆದದ್ದು ನಿನಗೂ ಆಗಬೇಕಂತ ಇಲ್ಲ” ಎಂದು ಸೇರಿಸುವ ತರಬೇತಿ ಬೇಕು.

ಎಲ್ಲಕ್ಕಿಂತ ಮೇಲೆ, ಊರಿನಲ್ಲಿ ಯಾವುದೇ ವಿಧಾನವನ್ನು ಮೊದಲು ಹಿಡಿಯುವ ನಾಲ್ಕೈದು ಹೆಣ್ಣುಮಕ್ಕಳನ್ನು ಜೋಪಾನವಾಗಿ ನೋಡಿಕೊಳ್ಳಬೇಕು. ಮದುವೆಗೆ ಮೊದಲು ಕಾಲೇಜು ಕಂಡ, ಮೊದಲ ಕೂಸಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷವಾದರೂ ಬೇಕೆನ್ನುವ ಸೊಸೆಯರು ಈಗ ಶಲವಡಿಯಂಥ ಊರುಗಳಲ್ಲೂ ಇದ್ದಾರೆ. ಅಂಥವಳು ವಂಕಿ ಹಾಕಿಸಿಕೊಂಡರೆ ಅಥವಾ ಅಂತರಾ ಚುಚ್ಚಿಸಿಕೊಂಡರೆ, ಅದಕ್ಕೆ ಮುಂಚೆ ಅವಳ ಹಿಮೋಗ್ಲೋಬಿನ್ ನೋಡಬೇಕು. ಮುಟ್ಟು ಹೇಗೆಲ್ಲ ಬದಲಾಗಬಹುದು ಎಂಬುದನ್ನು ಅವಳಿಗೂ ಗಂಡನಿಗೂ ಅತ್ತೆಗೂ ಕೂಡಿಸಿ ಹೇಳಬೇಕು. ಒಂದನೇ, ಮೂರನೇ, ಆರನೇ ತಿಂಗಳಿಗೆ ಸಿಸ್ಟರ್ ತಾವಾಗಿ ಮನೆಗೆ ಹೋಗಿ ಕೇಳಬೇಕು, ಸ್ರಾವ ಹೆಚ್ಚಿದ್ದರೆ ಔಷಧ ಕೊಡಬೇಕು. “ಸಾಕು, ತೆಗೆದುಬಿಡ್ರಿ” ಎಂದ ದಿನವೇ, ಬೈಯದೆ, ಎದುರು ವಾದಿಸದೆ ತೆಗೆಯಬೇಕು. ತೆಗೆಸಿಕೊಂಡವಳು ಆಗ ನೆಗೆಣ್ಣಿಗೆ ಹೇಳುವ ಮಾತು ಇಷ್ಟಾಗಬಹುದು: ನನಗ ಒಗ್ಗಲಿಲ್ಲ, ಕೇಳಿದ ಕೂಡ್ಲೇ ತಗದ್ರು, ಈಗ ಗುಳಿಗಿ ನುಂಗಾಕತ್ತೀನಿ, ನೀನೂ ಒಂದ ಸರ್ತಿ ಹೋಗಿ ಕೇಳ್ಕೊಂಡ ಬಾ.